ಸೋಪಾನಕಟ್ಟೆಯ ಮುಂದೆ ನಮ್ಮ ಬೋಟು

ನಮ್ಮ ಮನೆಯಲ್ಲಿ ಎಮ್ಮೆ ಇದ್ದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಟ್ರ್ಯಾಕ್ಟರ್ ಇದ್ದಿದ್ದರೆ ಸ್ವಲ್ಪ ಹೊಟ್ಟೆ ಉರಿದುಕೊಂಡು ಸುಮ್ಮನಾಗುತ್ತಿದ್ದರು. ನಮ್ಮ ಹತ್ತಿರ ಇದ್ದದ್ದು ಬೋಟು. ತೆಪ್ಪವಲ್ಲ, ಡೀಸೆಲ್ ಇಂಜಿನ್ ಇರುವ, ನಡುವೆ ಒಂದು ಪುಟ್ಟ ರೂಮಿರುವ, ಮಳೆ ಬಂದರೂ ಒಳಗೆ ಕೂತು ಟೀ ಕಾಯಿಸಿಕೊಳ್ಳಬಹುದಾದ ಕಬ್ಬಿಣದ ಬೋಟು. ಅದರಲ್ಲಿ ನಾವು ಮರಳು ಸಾಗಿಸಲಿಲ್ಲ, ಮೀನು ಹಿಡಿಯಲಿಲ್ಲ, ಜನರನ್ನು ಆಚೆ ದಡಕ್ಕೆ ದಾಟಿಸಿ ಚಾರ್ಜು ವಸೂಲಿ ಮಾಡಲಿಲ್ಲ. ಶನಿವಾರ ಬಂದರೆ ಹತ್ತಿ ಕೂತು ಕಪಿಲಾ ಹೊಳೆಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದೆವು. ಅಷ್ಟೇ. ಆ ಅಷ್ಟಕ್ಕೇ ಟಿ. ನರಸೀಪುರದ ಅರ್ಧ ಊರಿಗೆ ಅಜೀರ್ಣವಾಗಿತ್ತು.

"ಏನ್ ಉಪ್ಯೋಗ ನರ್ಸಮ್ಮ ಅದ್ರಿಂದ?" ಎಂದು ಸಂತೆಯಲ್ಲಿ ಕೇಳುವರು. ಇಂಜೆಕ್ಷನ್ ಹಾಕಿಸಿಕೊಳ್ಳಲು ಮಗ್ಗುಲು ತಿರುಗಿ ಮಲಗಿದವರೂ ಕೇಳುವರು. "ಸುಮ್ನೆ" ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಕೊನೆಗೆ ಲಾರಿಗೆ ಬೋರ್ಡು ಬರೆಯುವ ಪೇಂಟರ್ ಒಬ್ಬನನ್ನು ಕರೆಸಿ ಬೋಟಿನ ಮುಂಭಾಗದಲ್ಲಿ ದಪ್ಪ ಹಳದಿ ಅಕ್ಷರದಲ್ಲಿ 'ಸುಮ್ಮನೆ' ಎಂದೇ ಬರೆಸಿಬಿಟ್ಟೆ. ಇನ್ನು ಮೇಲೆ ಯಾರು ಕೇಳಬೇಕೋ ಅವರು ಅದನ್ನೇ ಓದಿಕೊಳ್ಳಲಿ!

ನಾನು ಗೋವಿಂದಮ್ಮ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ನನ್ನ ಗಂಡ ಮಾದೇಶ ನಂಜನಗೂಡಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗಂಡನನ್ನು ಹೆಸರು ಹಿಡಿದು ಕರೆಯುತ್ತಾಳೆ ಎಂದು ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ನಾವಿಬ್ಬರೂ ಸರ್ಕಾರಿ ಹಾಸ್ಟೆಲಿನ ತಟ್ಟೆಯಲ್ಲಿ ಸಾರು ಮುದ್ದೆ ಉಂಡು ಓದಿದವರು. ಮನೆ ನರಸೀಪುರದ ನಮ್ಮ ಕೇರಿಯಲ್ಲಿ. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು, ಕೆಳಗಿನ ಮಂಚದ ಮೇಲೆ ನನ್ನ ಅತ್ತೆ ಪಾಪಮ್ಮ.

ಬೋಟು ಸಿಕ್ಕಿದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ, ನಂಜನಗೂಡಿನ ಒಂದು ಗುಜರಿ ಅಂಗಡಿಯ ಹಿತ್ತಲಿನಲ್ಲಿ. ಯಾವುದೋ ಡ್ಯಾಮಿನಲ್ಲಿ ಸಾಹೇಬರು ನೀರಿನ ಮೇಲೆ ಓಡಾಡಲು ಇಟ್ಟುಕೊಂಡಿದ್ದದ್ದಂತೆ. ಕವುಚಿ ಹಾಕಿದ್ದರು, ಅಡಿಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಸ್ಕೂಟರಿಗೆ ಏನೋ ಸಾಮಾನು ತರಲು ಹೋದ ಮಾದೇಶ ಸಾಮಾನು ಮರೆತು ಬಂದ.

"ಗೋವಿಂದಿ, ಒಂದು ಬೋಟ್ ಅದೆ ಕಣೇ," ಎಂದ, ಚಪ್ಪಲಿಯನ್ನೂ ಬಿಡದೆ.

"ಇದ್ರೆ ನಾನೇನ್ ಮಾಡ್ಲಿ? ಆರತಿ ಎತ್ಲಾ?"

ಬೈದೆ. ಆದರೂ ಮಾರನೇ ದಿನ ನೋಡಲು ಹೋದೆ. ಕೋಳಿಗಳನ್ನು ಓಡಿಸಿ, ನಾಲ್ಕು ಜನ ಸೇರಿ ಅದನ್ನು ಮಗುಚಿದರು. ನಾನು ಒಳಗೆ ಹತ್ತಿ ಕೂತೆ. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದು, ಹೊಳೆಯ ನಡುವಿನಿಂದ ಊರು ಹೇಗೆ ಕಾಣುತ್ತದೆ ಎಂದು ನಾನು ನೋಡಿರಲಿಲ್ಲ. ನಮ್ಮ ಕೇರಿಯವರಿಗೆ ಹೊಳೆ ಎಂದರೆ ಊರವರು ಮಿಂದ ಕೆಳಗಿನ ನೀರು. ನನಗೆ ಅದು ಮೇಲಿನಿಂದ, ನಡುವಿನಿಂದ, ಎಲ್ಲ ಕಡೆಯಿಂದಲೂ ಬೇಕು ಅನ್ನಿಸಿತು. "ತಗೊಳ್ಳಾನ" ಎಂದೆ. ಮಾದೇಶ ಗುಜರಿಯವನ ಎದುರಿಗೇ ನನ್ನ ಕೈ ಹಿಡಿದುಕೊಂಡ.

ಅದನ್ನು ಬೋಟು ಮಾಡಲು ನಮಗೆ ಎರಡು ವರ್ಷ ಬೇಕಾಯಿತು. ಮರಿಯಯ್ಯ ಎಂದು ನಮ್ಮ ಸ್ನೇಹಿತ, ತೆಪ್ಪದಲ್ಲಿ ಮೀನು ಹಿಡಿಯುವವನು. ಸೇತುವೆಯ ಮೇಲ್ಗಡೆ ಹೊಳೆಯಂಚಿನಲ್ಲಿ ಅವನಿಗೆ ಒಂದು ತುಂಡು ಜಾಗವಿದೆ. ಅಲ್ಲಿ ಮಾವಿನ ಮರದಡಿ ಇಟ್ಟುಕೊಂಡು ಕೆರೆದೆವು. ತುಕ್ಕು ಕೆರೆಯುವ ಕೆಲಸ ಎಂಥದ್ದೆಂದು ಕೆರೆದವರಿಗೇ ಗೊತ್ತು. ಇವತ್ತು ಮುಗಿಯಿತು ಎಂದುಕೊಂಡರೆ ನಾಳೆ ಇನ್ನೊಂದು ಮೂಲೆಯಲ್ಲಿ ಎದ್ದಿರುತ್ತದೆ. ಕೆರೆದು, ರೆಡ್ ಆಕ್ಸೈಡ್ ಬಳಿದು, ಅದರ ಮೇಲೆ ನೀಲಿ ಪೇಂಟು. ಇಂಜಿನ್ನು ಹಳೇ ಮೆಟಡೋರ್ ವ್ಯಾನಿನದು. ಸ್ಟೇರಿಂಗು, ಸೀಟು, ಕಿಟಕಿಯ ಗಾಜು ಎಲ್ಲ ಗುಜರಿಗೆ ಬಂದ ಬಸ್ಸಿನದು. ಒಂದು ಸೀಟಿನ ಮೇಲಿನ ತಗಡಿನಲ್ಲಿ 'ಮಹಿಳೆಯರಿಗೆ' ಎಂದು ಬರೆದದ್ದು ಹಾಗೇ ಇತ್ತು. ಮಾದೇಶ ಅಳಿಸಲು ಹೋದ, ನಾನು ಬಿಡಲಿಲ್ಲ. ಲಂಗರಿಗೆ ಬಸ್ಸಿನ ಬ್ರೇಕ್ ಡ್ರಮ್ಮು, ಅದಕ್ಕೆ ಹಗ್ಗ.

ನೀರಿಗೆ ಇಳಿಸಿದ ಮೇಲಾದರೂ ಕೆಲಸ ಮುಗಿಯಿತೇ? ಹಿಂದಿನ ಫ್ಯಾನು ತಿರುಗಿಸುವ ಉದ್ದ ರಾಡು ಬೋಟಿನ ತಳದಿಂದ ಆಚೆ ಹೋಗುವ ಕಡೆ ಗ್ರೀಸ್ ಮೆತ್ತಿದ ಹಗ್ಗ ತುರುಕಿರುತ್ತಾರೆ. ಅದನ್ನು ಸಡಿಲ ಬಿಟ್ಟರೆ ನೀರು ನುಗ್ಗುತ್ತದೆ, ಬಿಗಿ ಮಾಡಿದರೆ ರಾಡು ಕಾದು ಕೆಂಪಾಗುತ್ತದೆ. ತೊಟ್ಟು ತೊಟ್ಟಾಗಿ ತೊಟ್ಟಿಕ್ಕಬೇಕು, ಗ್ಲೂಕೋಸ್ ಬಾಟಲಿಯ ಹಾಗೆ. ಆ ಲೆಕ್ಕ ನನಗೆ ಬೇಗ ಹತ್ತಿತು. ಶುಕ್ರವಾರ ಸಂಜೆ ಡ್ಯೂಟಿ ಮುಗಿಸಿ ಬಂದು ತಳದಲ್ಲಿ ನಿಂತ ನೀರನ್ನು ಡಬ್ಬದಲ್ಲಿ ಎತ್ತಿ ಚೆಲ್ಲುತ್ತಿದ್ದೆ, ಇಂಜಿನ್ನಿಗೆ ತಣ್ಣೀರು ಎಳೆಯುವ ಪೈಪಿನ ಜಾಲರಿಯಿಂದ ಪಾಚಿ ತೆಗೆಯುತ್ತಿದ್ದೆ. ನನ್ನ ಉಗುರು ಕಪ್ಪಗಿರುವುದನ್ನು ನೋಡಿ ಡಾಕ್ಟರಮ್ಮ ಮೂಗು ಮುರಿಯುತ್ತಿದ್ದರು. ಸೋಪು ಹಾಕಿ ತೊಳೆದು ತೋರಿಸುತ್ತಿದ್ದೆ.

ಶನಿವಾರ ಮಾದೇಶನಿಗೆ ವಾರದ ರಜೆ, ನಾನೂ ಶಿಫ್ಟು ಹೊಂದಿಸಿಕೊಳ್ಳುತ್ತಿದ್ದೆ. ಮೇಲ್ಗಡೆಗೆ, ನಂಜನಗೂಡಿನ ದಿಕ್ಕಿಗೆ, ನೀರು ಎಷ್ಟು ದೂರ ಬಿಡುತ್ತದೋ ಅಷ್ಟು ದೂರ ಹೋಗಿ ಇಂಜಿನ್ ಆಫ್ ಮಾಡುವುದು. ಆಮೇಲೆ ಹೊಳೆಯೇ ನಮ್ಮನ್ನು ಹಿಂದಕ್ಕೆ ತರುತ್ತದೆ. ಎರಡೂ ಕಡೆ ಕಬ್ಬು, ಭತ್ತ, ನೀರಿಗೆ ಬಗ್ಗಿದ ಹೊಂಗೆ. ಬಂಡೆಯ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆ. ಸೀಮೆಎಣ್ಣೆ ಸ್ಟೌವಿನ ಮೇಲೆ ಟೀ, ಕಡ್ಲೆಪುರಿ, ಮರಿಯಯ್ಯ ಕೊಟ್ಟ ಮೀನಿದ್ದರೆ ಅದರ ಫ್ರೈ. ಏನೂ ಮಾಡದೆ ಕೂರುವುದು. ಏನೂ ಮಾಡದೆ ಕೂತ ನಮ್ಮವರನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಆ ಸುಖಕ್ಕೆ ನನಗೆ ಒಂದೊಂದು ಸಲ ಕಣ್ಣಲ್ಲಿ ನೀರು ಬರುತ್ತಿತ್ತು.

ಕೆಳಗಡೆಗೆ ಮಾತ್ರ ನಾವು ಹೋಗುತ್ತಿರಲಿಲ್ಲ. ಸೇತುವೆಯ ಕೆಳಗೆ ಹೊಳೆಗಿಳಿಯುವ ದೇವಸ್ಥಾನದ ಮೆಟ್ಟಿಲುಗಳ ಸೋಪಾನಕಟ್ಟೆ, ಅದನ್ನು ದಾಟಿದರೆ ಕಾವೇರಿ ಸೇರುವ ಸಂಗಮ, ಅಲ್ಲಿಂದ ಮುಂದೆ ಹೆಮ್ಮಿಗೆಯವರೆಗೂ ಅಗಲವಾದ ತುಂಬು ನೀರು. ಹೋಗದಿರುವುದಕ್ಕೆ ಕಾರಣ ಬಟ್ಟೆ. ಗ್ರಹಚಾರ ಕೆಟ್ಟವರು ಸಂಗಮಕ್ಕೆ ಬಂದು ಮುಳುಗಿ, ಮೈಮೇಲಿನ ಬಟ್ಟೆಯನ್ನು ನೀರಿನಲ್ಲೇ ಬಿಟ್ಟು, ತಿರುಗಿ ನೋಡದೆ ಹೊರಟು ಹೋಗುತ್ತಾರೆ. ಬಟ್ಟೆಯ ಜೊತೆ ಶನಿಯೂ ಹೋಯಿತು ಎಂದು ಲೆಕ್ಕ. ಶನಿವಾರವಂತೂ ಪಂಚೆ, ಸೀರೆ, ಪ್ಯಾಂಟು ಒಂದರ ಹಿಂದೊಂದು ತೇಲಿ ಬರುತ್ತವೆ. ಫ್ಯಾನಿಗೆ ಸಿಕ್ಕಿದರೆ ಮುಗಿಯಿತು, ಇಂಜಿನ್ನು ಗಕ್ಕನೆ ನಿಲ್ಲುತ್ತದೆ. ಒಂದು ಸಲ ಹೋಗಿ ಎರಡು ಕಡೆ ಸಿಕ್ಕಿಹಾಕಿಕೊಂಡೆವು. ಮಾದೇಶ ಚಾಕು ಕಚ್ಚಿಕೊಂಡು ಮುಳುಗಿ ಕುಯ್ದು ಬಿಡಿಸಿದ.

ಅವನು ಯಾರದೋ ನೆನೆದ ಸೀರೆಯನ್ನು ಎತ್ತಿ ಬೋಟಿನೊಳಗೆ ಹಾಕಿದ್ದನ್ನು ನೋಡಿ ನಾನು ಮುಖ ತಿರುಗಿಸಿದೆ. ಯಾಕೆಂದರೆ ಅದು ನಮ್ಮ ಮನೆಯ ಹಳೇ ಕಸುಬು. ನನ್ನ ಮಾವ ತೀರಿಕೊಂಡ ಮೇಲೆ ಅತ್ತೆ ಪಾಪಮ್ಮ ಆ ಮೆಟ್ಟಿಲುಗಳ ಕೆಳಗಡೆ, ಮೊಣಕಾಲು ನೀರಿನಲ್ಲಿ, ಒಂದು ಕೋಲು ಹಿಡಿದು ನಿಂತಿರುತ್ತಿದ್ದರು. ಮೆಟ್ಟಿಲು ಹತ್ತುವಂತಿಲ್ಲ. ಊರವರು ಬಿಟ್ಟದ್ದನ್ನು ಕೋಲಿನಲ್ಲಿ ಎಳೆದುಕೊಂಡು, ಒಗೆದು, ಉಟ್ಟು, ಉಳಿದದ್ದನ್ನು ಹಳ್ಳಿಗಳಲ್ಲಿ ರಾಗಿಗೆ ಮಾರಿ ಮಗನನ್ನು ಓದಿಸಿದರು. ಮಾದೇಶ ಕೆಲಸಕ್ಕೆ ಸೇರಿದ ದಿನ ಆ ಕೋಲನ್ನು ಮುರಿದು ಒಲೆಗೆ ಹಾಕಿದನಂತೆ. ಆಮೇಲೆ ಎತ್ತುವವರು ಯಾರೂ ಇಲ್ಲ. ಊರವರ ಶನಿ ಊರ ಮುಂದೆಯೇ ಕೊಳೆಯುತ್ತಿದೆ.

ಆ ಬಟ್ಟೆಗಳನ್ನು ಎತ್ತಿಸಬೇಕು ಎಂದು ಚಿಕ್ಕಸ್ವಾಮಿಗೆ ಹೊಳೆದದ್ದು ನಮ್ಮ ಬೋಟು ನೋಡಿದ ಮೇಲೆ. ಚಿಕ್ಕಸ್ವಾಮಿ ಎಂದರೆ ಊರಿನ ದೊಡ್ಡ ಜಮೀನ್ದಾರ ಮನೆತನ, ಗದ್ದೆ ತೋಟ ಬೇಕಾದಷ್ಟು, ಮೇಲೆ ರಾಜಕೀಯ. ಒಂದು ದಿನ ಬುಲೆಟ್ ನಿಲ್ಲಿಸಿ, ಕಾಲು ಕೆಳಗಿಡದೆ, ಮಾವಿನ ಮರದಡಿ ಪೇಂಟು ಹೊಡೆಯುತ್ತಿದ್ದ ನಮ್ಮನ್ನು ಮಾತಾಡಿಸಿದರು.

"ಲೇ ಮಾದೇಶ, ಬೋಟ್ ಮಡಗಿದೀಯಲ್ಲ, ಊರ್ಗೂ ಒಸಿ ಉಪ್ಯೋಗ ಆಗ್ಲಿ ಕಣ್ಲಾ. ವಾರ ವಾರ ಸೋಪಾನಕಟ್ಟೆ ಮುಂದ್ಲ ಬಟ್ಟೆನೆಲ್ಲ ಎತ್ತಾಕು. ನಿಮ್ಗೆ ಗೊತ್ತಿರೋ ಕೆಲ್ಸ ತಾನೆ?"

ಮಾದೇಶ ಬ್ರಷ್ಷು ಡಬ್ಬದಲ್ಲಿ ಅದ್ದಿ ನಿಂತ. ಅವನಿಗೆ ಜಗಳ ಆಗದು. ನಾನು ಎದ್ದೆ.

"ಗೌಡ್ರೇ, ನಿಮ್ ಹತ್ರ ಬುಲೆಟ್ ಇದೆ. ಅದ್ರ ಹಿಂದೆ ಒಂದು ಪೊರಕೆ ಕಟ್ಕೊಂಡು ಬಜಾರ್ ರಸ್ತೆ ಗುಡಿಸ್ಕೊಡ್ತೀರಾ?"

ಅವರ ಮುಖ ಕೆಂಪಗಾಯಿತು. "ನಾಲ್ಗೆ ಉದ್ದ ಆಯ್ತು ನರ್ಸಮ್ಮ. ಎತ್ತಾಕದಿದ್ರೆ ಬ್ಯಾಡ. ಆದ್ರೆ ನಿಮ್ ಬೋಟು ಮೆಟ್ಲು ಮುಂದೆ ಶೋಕಿ ಮಾಡ್ಕಂಡು ಓಡಾಡದು ನಮ್ ಕಣ್ಣಿಗೆ ಬೀಳ್ಬಾರ್ದು. ದೇವಸ್ಥಾನದ ಜಾಗ ಅದು."

"ಹೊಳೆ ಯಾರಪ್ಪಂದೂ ಅಲ್ಲ," ಎಂದೆ. ಅಷ್ಟರಲ್ಲಿ ಬುಲೆಟ್ಟು ಹೊರಟಿತ್ತು.

ನನಗೆ ಆವತ್ತೇ ಬೋಟು ತಿರುಗಿಸಿ ಮೆಟ್ಟಿಲ ಮುಂದೆ ಹತ್ತು ಸಲ ಸುತ್ತಿ ಬರುವಷ್ಟು ಸಿಟ್ಟಿತ್ತು. ಮಾದೇಶ, "ಬೇಡ ಕಣೇ, ಅವ್ವ ಇದೇ ಊರಲ್ಲಿ ಬದುಕ್ಬೇಕು" ಎಂದ. ಸುಮ್ಮನಾದೆ. ಬಾಯಿ ಸುಮ್ಮನಾಯಿತು, ಹೊಟ್ಟೆ ಸುಮ್ಮನಾಗಲಿಲ್ಲ.

ಇಷ್ಟೆಲ್ಲ ಆದರೂ ಅತ್ತೆ ಒಂದು ದಿನವೂ ಬೋಟು ಹತ್ತಿರಲಿಲ್ಲ. "ನಂಗ್ಯಾಕವ್ವ ಆ ಮೆರವಣಿಗೆ? ಅಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಅಲ್ಲಿಲ್ಲ" ಎಂದು ನಗಿಸಿ ತಪ್ಪಿಸಿಕೊಳ್ಳುತ್ತಿದ್ದರು. ಆದರೆ ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ, ಕಾಲು ನೀವಿಸಿಕೊಳ್ಳುತ್ತಿದ್ದಾಗ, ಇದ್ದಕ್ಕಿದ್ದ ಹಾಗೆ ಕೇಳಿದರು.

"ಅಲ್ಲ ಗೋವಿಂದಿ, ನಿಮ್ ಬೋಟು ಎಮ್ಮಿಗೆ ಗಂಟ ಓಯ್ತದಾ?"

ಹೆಮ್ಮಿಗೆ ಅವರ ತವರು. ಮಂಡಿ ಹಿಡಿದ ಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾರದೆ ನಾಲ್ಕು ವರ್ಷದಿಂದ ಹೋಗಿರಲಿಲ್ಲ. ತಂಗಿ ಇದ್ದಾಳೆ ಅಲ್ಲಿ.

"ಹೋಗುತ್ತೆ ಅತ್ತೆ. ನೀರು ತುಂಬಿದೆ. ಚೆನ್ನಾಗಿ ಹೋಗುತ್ತೆ."

"ಚಿಕ್ ಉಡ್ಗೀಲಿ ದಂಡೆ ಮ್ಯಾಲೆ ಎಮ್ಮೆ ಬುಟ್ಕಂಡು ಕೂತಿರ್ತಿದ್ದೆ. ತೆಪ್ಪ ಓಗದ ನೋಡ್ತಿದ್ದೆ. ಅದ್ರಲ್ಲಿ ಕೂತೋರ್ಗೆ ನಮ್ಮೂರು ಎಂಗ್ ಕಂಡದೋ ಅನ್ಕತಿದ್ದೆ." ಕಾಲು ಎಳೆದುಕೊಂಡರು. "ಬ್ಯಾಡ ಬುಡು. ಆ ಮೆಟ್ಲು ಮುಂದೆ ಓಗ್ಬೇಕಲ್ವಾ? ನಾನು ಅಲ್ಲಿ ಕುರ್ಚಿ ಮ್ಯಾಲೆ ಕೂತ್ಕಂಡು ಓದ್ರೆ ನೋಡ್ದೋರು ಏನಂದಾರು?"

ಅಯ್ಯೋ, ಹೊಳೆಯ ನಡುವಿನಿಂದ ಊರು ಹೇಗೆ ಕಾಣುತ್ತದೋ ಎಂದು ಗುಜರಿಯ ಬೋಟಿನಲ್ಲಿ ಕೂತು ನನಗೂ ಅನ್ನಿಸಿತ್ತಲ್ಲ! ನನಗೆ ಹುಟ್ಟಿದ ಆಸೆಯೇ ಈ ಮುದುಕಿಗೆ ಅರವತ್ತು ವರ್ಷದ ಹಿಂದೆ ಹುಟ್ಟಿತ್ತು. ಅದನ್ನು ಮೆಟ್ಟಿಲ ಮೇಲಿನವರ ಕಣ್ಣಿಗೆ ಹೆದರಿ ಹಾಗೇ ಮಡಚಿಟ್ಟಿದ್ದರು. ಆಗಲೇ ತೀರ್ಮಾನ ಮಾಡಿದೆ. ಬೋಟು ಇರಲಿ ಹೋಗಲಿ, ಅತ್ತೆಯನ್ನು ಆ ಮೆಟ್ಟಿಲುಗಳ ಮುಂದೆ, ಹಗಲು ಹೊತ್ತಿನಲ್ಲಿ, ಕೂತ ಹಾಗೇ ದಾಟಿಸಬೇಕು. ಬಗ್ಗಿಕೊಂಡಲ್ಲ, ರೂಮಿನೊಳಗೆ ಬಚ್ಚಿಟ್ಟುಕೊಂಡಲ್ಲ.

ಅವರನ್ನು ಒಪ್ಪಿಸಲು ಮೂರು ವಾರ ಬೇಕಾಯಿತು. ಕೊನೆಗೆ ನಾನು, "ಸರಿ, ತಂಗಿ ಸತ್ ಮೇಲೆ ಬಸ್ಸಲ್ಲೇ ಹೋಗಿ ನೋಡ್ಕೊಂಡ್ ಬನ್ನಿ" ಎಂದೆ. ಕೆಟ್ಟ ಮಾತು, ಗೊತ್ತು. "ನಿನ್ ಬಾಯಿಗೆ ಬೆಂಕಿ ಬೀಳ" ಎಂದು ಬೈದು ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದರು. ನಾನು ಅಂಗಡಿಯಿಂದ ತಂದುಕೊಟ್ಟದ್ದು, ಮಡಿಕೆ ಬಿಚ್ಚಿರಲಿಲ್ಲ.

ಶನಿವಾರ ಬೆಳಿಗ್ಗೆ ಮರಿಯಯ್ಯ, ಮಾದೇಶ ಸೇರಿ ಅವರನ್ನು ಎತ್ತಿ ಬೋಟಿನೊಳಗೆ ಇಳಿಸಿದರು. 'ಮಹಿಳೆಯರಿಗೆ' ಸೀಟನ್ನು ಹಿಂದಿನ ದಿನವೇ ರೂಮಿನಿಂದ ಬಿಚ್ಚಿ, ತಗಡಿನ ಸಮೇತ, ಎದುರಿಗೆ ಎಲ್ಲರಿಗೂ ಕಾಣುವಂತೆ ಬೋಲ್ಟು ಹಾಕಿಸಿದ್ದೆ. ಅತ್ತೆ ಕೂತರು. ತಂಗಿಗೆಂದು ತಂದಿದ್ದ ಬಾಳೆಹಣ್ಣಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸೇತುವೆ ದಾಟಿದೆವು. ಮೆಟ್ಟಿಲುಗಳು ಕಾಣಿಸಿದ ಕೂಡಲೇ ಸೆರಗು ತಲೆಯ ಮೇಲೆ ಎಳೆದುಕೊಂಡರು.

ಮೆಟ್ಟಿಲ ಮೇಲೆ ಜನವೋ ಜನ. ನಡುವೆ, ಎದೆಮಟ್ಟದ ನೀರಿನಲ್ಲಿ ನಿಂತಿದ್ದವರು ಬೇರೆ ಯಾರೂ ಅಲ್ಲ, ಚಿಕ್ಕಸ್ವಾಮಿ! ಆ ಸಲ ತಾಲ್ಲೂಕು ಪಂಚಾಯಿತಿ ಎಲೆಕ್ಷನ್ನಿನಲ್ಲಿ ಸೋತಿದ್ದರು. ಸಾಡೇಸಾತಿ ಶನಿ ಎಂದು ಯಾರೋ ಹೇಳಿದ್ದರಂತೆ. ಪಕ್ಕದ ಮೆಟ್ಟಿಲಲ್ಲಿ ಜೋಯಿಸರು ಮಂತ್ರ ಹೇಳುತ್ತಿದ್ದರು. ಚಿಕ್ಕಸ್ವಾಮಿ ಮುಳುಗಿದರು, ಎದ್ದರು, ಟವಲು ಸುತ್ತಿಕೊಂಡು ಉಟ್ಟಿದ್ದ ಪಂಚೆಯನ್ನು ನೀರಿನೊಳಗೇ ಬಿಟ್ಟರು. ಅದು ಬಂದದ್ದು ಸೀದಾ ನಮ್ಮ ಕಡೆಗೆ. ಮಾದೇಶ ಸ್ಟೇರಿಂಗು ತಿರುಗಿಸುವಷ್ಟರಲ್ಲಿ ಇಂಜಿನ್ನು ಒಂದು ಸಲ ಕೆಮ್ಮಿ, ಬೋಟೆಲ್ಲ ಗಡಗಡ ನಡುಗಿ, ನಿಂತು ಹೋಯಿತು.

ಕೊಚ್ಚಿ ಹೋಗಬಾರದೆಂದು ಬ್ರೇಕ್ ಡ್ರಮ್ಮು ಎತ್ತಿ ಹಾಕಿದೆವು. ಹಗ್ಗ ಬಿಗಿಯಿತು, ಬೋಟು ತಿರುಗಿ ನಿಂತಿತು. ಸೋಪಾನಕಟ್ಟೆಯ ನಟ್ಟನಡುವೆ, ಎಲ್ಲರ ಕಣ್ಣ ಮುಂದೆ. ಹಿಂದುಗಡೆ ನೀರಿನಲ್ಲಿ ಜರಿಯಂಚಿನ ಬಿಳಿ ಪಂಚೆಯ ತುದಿ ಪಟಪಟನೆ ಆಡುತ್ತಿತ್ತು.

"ಇಳ್ದು ಬಿಡಿಸ್ಲಾ ಮಾದೇಶ," ಎಂದು ಮೆಟ್ಟಿಲ ಮೇಲಿಂದ ಯಾರೋ ಕೂಗಿದರು. "ನಿಮ್ಗೇನ್ ಒಸ್ದಾ?" ನಾಲ್ಕು ಜನ ನಕ್ಕರು.

ಮಾದೇಶ ಚಾಕು ತೆಗೆದುಕೊಂಡು ಅಂಗಿಯ ಗುಂಡಿ ಬಿಚ್ಚತೊಡಗಿದ. ಅದಕ್ಕಿಂತ ಮೊದಲೇ ಅತ್ತೆ ಬಾಳೆಹಣ್ಣಿನ ಚೀಲ ಕೆಳಗಿಟ್ಟು, ಎದ್ದು ನಿಂತು, ಹೊಸ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಚ್ಚೆ ಸಿಕ್ಕಿಸಿಕೊಳ್ಳುತ್ತಿದ್ದರು. "ನಾ ಇಳೀತೀನಿ ಬುಡವ್ವ. ಇಲ್ಲಿ ಎಲ್ಲೆಲ್ಲಿ ಕಲ್ಲದೆ ನಂಗ್ ಗೊತ್ತು." ಮಂಡಿ ನೋವಿನವರು, ಬಸ್ಸು ಹತ್ತಲಾರದವರು!

"ಕೂತ್ಕೊಳಿ ಅತ್ತೆ!" ಎಂದು ಕಿರುಚಿಬಿಟ್ಟೆ. ಮಾದೇಶನ ಕೈಯಿಂದ ಚಾಕು ಕಿತ್ತುಕೊಂಡೆ. "ನೀನೂ ಕೂತ್ಕೊ. ಯಾರೂ ಇಳೀಬೇಡಿ."

"ಮತ್ತೆ ಓಗದ್ ಎಂಗೆ ಗೋವಿಂದಿ?" ಎಂದರು ಅತ್ತೆ.

"ಯಾರು ಬಿಟ್ರೋ ಅವ್ರು ಬಂದು ಬಿಡಿಸ್ಲಿ. ಅಲ್ಲೀಗಂಟ ಟೀ ಕುಡಿಯಾನ."

ಸ್ಟೌವು ಹಚ್ಚಿದೆ. ಎರಡು ಕಡ್ಡಿ ಆರಿಹೋದವು, ಮೂರನೆಯದು ಹತ್ತಿತು.

ಚಿಕ್ಕಸ್ವಾಮಿ ಒಂದು ಮೆಟ್ಟಿಲು ಹತ್ತಿದ್ದವರು ನಿಂತರು. ತಿರುಗಿ ನೋಡುವಂತಿಲ್ಲ, ನೋಡದೆ ಇರಲೂ ಆಗುತ್ತಿಲ್ಲ. ಜೋಯಿಸರು ಕತ್ತು ಉದ್ದ ಮಾಡಿ ನೋಡಿ, "ಬಟ್ಟೆ ಹರಿದು ಹೋಗಿಲ್ಲವಲ್ಲ. ಅಲ್ಲೇ ನಿಂತಿದೆ. ಅದು ಹೋಗದೆ ನೀವು ಮೇಲೆ ಬರುವ ಹಾಗಿಲ್ಲ, ಒಂಬತ್ತಕ್ಕೆ ರಾಹುಕಾಲ ಬೇರೆ" ಎಂದರು.

"ಲೇ ಮಾದೇಶ! ಬಿಡಿಸ್ಲಾ ಬೇಗ!" ಎಂದು ಚಿಕ್ಕಸ್ವಾಮಿ ಹಿಂದೆ ತಿರುಗದೆಯೇ ಕೂಗಿದರು.

ಮಾದೇಶ ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ, ಆಮೇಲೆ ಬಿಚ್ಚಿದ್ದ ಗುಂಡಿಯನ್ನು ಒಂದೊಂದಾಗಿ ಹಾಕಿಕೊಂಡ. "ಇವತ್ತು ನಂಗೆ ವೀಕ್ಲಿ ಆಫ್ ಗೌಡ್ರೇ," ಎಂದ. ಹದಿನೆಂಟು ವರ್ಷದ ಸಂಸಾರದಲ್ಲಿ ಅವನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು.

ಚಿಕ್ಕಸ್ವಾಮಿ ತಮ್ಮ ಡ್ರೈವರನ ಕಡೆ ತಿರುಗಿದರು. ಅವನು ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದ. "ನನ್ ಶನಿನೇ ನಂಗ್ ಸಾಕಾಗದೆ ಅಣ್ಣ, ನಿಮ್ದೆಲ್ಲಿ ಒತ್ಕಳ್ಳಿ?" ಅಷ್ಟೊತ್ತಿಗೆ ಬಲೆ ನೋಡಲು ಬಂದಿದ್ದ ಮರಿಯಯ್ಯನ ತೆಪ್ಪ ಕಾಣಿಸಿತು. ಕೂಗಿ ಕರೆದರು. ಮರಿಯಯ್ಯ ಅಲ್ಲಿಂದಲೇ ಕೈ ಮುಗಿದ. "ನನ್ ತೆಪ್ಪ ಸಣ್ದು ಗೌಡ್ರೇ. ಶನಿ ಹತ್ತಿ ಕೂತ್ರೆ ಮುಳ್ಗೋಯ್ತದೆ!" ಈ ಸಲ ಮೆಟ್ಟಿಲ ಮೇಲಿನವರು ನಕ್ಕದ್ದು ನಮ್ಮನ್ನು ನೋಡಿ ಅಲ್ಲ.

ಟೀ ಕುದಿಯಿತು. ಅತ್ತೆಗೆ ಲೋಟ ಕೊಟ್ಟೆ. ಅವರು ಇನ್ನೂ ನಿಂತೇ ಇದ್ದರು, ಸೀರೆ ಇನ್ನೂ ಮೊಣಕಾಲ ಮೇಲೇ. ಲೋಟ ತೆಗೆದುಕೊಳ್ಳಲು ಕಚ್ಚೆ ಬಿಟ್ಟರು. ಸೀರೆ ಪಾದದವರೆಗೂ ಇಳಿಯಿತು. ಸುತ್ತ ಒಮ್ಮೆ ನೋಡಿ ನಿಧಾನವಾಗಿ ಸೀಟಿನಲ್ಲಿ ಕೂತರು. ಊದಿ ಊದಿ ಕುಡಿಯತೊಡಗಿದರು. ಸಕ್ಕರೆ ಕಮ್ಮಿ ಎಂದರು.

ಜೋಯಿಸರು ಮತ್ತೆ ಗಡಿಯಾರ ನೋಡಿಕೊಂಡರು. ಗೌಡರಿಗೆ ಬಿಸಿ ತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಕೊನೆಗೆ ಚಿಕ್ಕಸ್ವಾಮಿ ಟವಲು ಬಿಗಿ ಮಾಡಿಕೊಂಡು ನೀರಿಗೆ ಇಳಿದರು. ಬೋಟಿನ ಹಿಂದಕ್ಕೆ ಬಂದು ಕೈ ಚಾಚಿದರು. ನಾನು ಚಾಕು ಮಾದೇಶನಿಗೆ ಕೊಟ್ಟೆ, ಅವನು ಹಿಡಿಯ ಕಡೆಯಿಂದ ಅವರಿಗೆ ಕೊಟ್ಟ. "ಹುಷಾರು ಗೌಡ್ರೇ, ಫ್ಯಾನಿನ ಅಂಚು ಕುಯ್ದುಬಿಡ್ತದೆ," ಎಂದ, ವ್ಯಂಗ್ಯವಿಲ್ಲದೆ.

ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ಮೂಗಿಗೆ ನೀರು ಹೋಗಿ ಕೆಮ್ಮಿದರು. ಕೊನೆಗೆ ಪಂಚೆ ಬಿಟ್ಟಿತು. ಎದೆಮಟ್ಟದ ನೀರಿನಲ್ಲಿ ಅದನ್ನು ಉಂಡೆ ಮಾಡಿ ಹಿಡಿದು ನಿಂತು ಆ ಕಡೆ ಈ ಕಡೆ ನೋಡಿದರು. ಆಮೇಲೆ ಅತ್ತೆಯ ಕಡೆಗೆ ಎತ್ತಿ ಹಿಡಿದರು.

"ತಗಳಮ್ಮಿ ಪಾಪಮ್ಮ. ಒಂದ್ ಅಂಚು ಅರ್ದದೆ ಅಷ್ಟೇ. ಜರಿ ಪಂಚೆ, ಒಸಾದು. ನೀನೇ ಮಡಿಕ್ಕೊ."

ಈ ಮಾತಿಗೆ ಅತ್ತೆ ಏನು ಮಾಡುತ್ತಾರೋ ಎಂದು ನನಗೆ ಭಯವಾಯಿತು. ಚಿಕ್ಕಸ್ವಾಮಿಯ ಅಪ್ಪನಿಗೂ ಚಿಕ್ಕಸ್ವಾಮಿಗೂ 'ಬ್ಯಾಡ' ಎಂದು ಅವರು ಹುಟ್ಟಿದಾಗಿನಿಂದ ಹೇಳಿದವರಲ್ಲ. 'ಬುದ್ದಿ' ಎನ್ನದೆ ಮಾತು ಶುರು ಮಾಡಿದವರೂ ಅಲ್ಲ. ನಾನು ಬಾಯಿ ತೆರೆದೆ. ಅತ್ತೆ ಕೈ ಎತ್ತಿ ನನ್ನನ್ನು ತಡೆದರು.

"ನಿಮ್ಮಪ್ಪನ್ ಶನಿ ಉಟ್ಟಿದೀನಿ, ನಿಮ್ಮಜ್ಜಿ ಶನಿ ಉಟ್ಟಿದೀನಿ," ಎಂದರು. ದನಿ ಜೋರಾಗಿರಲಿಲ್ಲ, ಆದರೆ ನೀರಿನ ಮೇಲೆ ಎಲ್ಲರಿಗೂ ಕೇಳಿಸಿತು. "ನಿನ್ ಮದ್ವೆಗೆ ಮುಂಚೆ ಇಲ್ಲಿ ಬುಟ್ಯಲ್ಲ ನೀಲಿ ಅಂಗಿ, ಅದ್ನ ಇವ್ನಿಗೆ ಹಾಕಿ ಇಸ್ಕೂಲ್ಗೆ ಕಳ್ಸಿದೀನಿ. ನಮ್ಗೇನೂ ಆಗ್ನಿಲ್ಲ ಕಣಪ್ಪ. ನನ್ ಮಗ ಚೆನ್ನಾಗವ್ನೆ, ಸೊಸೆ ಚೆನ್ನಾಗವ್ಳೆ, ಬೋಟ್ ಮಡಗಿದೀವಿ. ಅದ್ರಲ್ಲಿ ಶನಿ ಗಿನಿ ಏನೂ ಇರ್ನಿಲ್ಲ, ಬರೀ ಬಟ್ಟೆ ಇತ್ತು. ನೀನೇ ಮಡಿಕ್ಕೊ, ಎದ್ರುಕಬ್ಯಾಡ."

'ಕಣಪ್ಪ' ಎಂದರು. ಚಿಕ್ಕಸ್ವಾಮಿಯ ಮುಂದೆ, ಸೋಪಾನಕಟ್ಟೆಯ ಮುಂದೆ, ಕೂತುಕೊಂಡು!

ಚಿಕ್ಕಸ್ವಾಮಿ ಪಂಚೆಯನ್ನು ಮತ್ತೆ ನೀರಿಗೆ ಬಿಡಲು ಹೋದರು. "ಅಯ್, ತಾಳಪ್ಪ," ಎಂದರು ಅತ್ತೆ. "ಇಲ್ಲೇ ಬುಟ್ರೆ ಮತ್ತೆ ನಮ್ ಫ್ಯಾನ್ಗೇ ಸಿಕ್ಕೊಳತ್ತೆ. ನಾವ್ ಓಗಗಂಟ ಕೈಲೇ ಇಟ್ಕಂಡಿರು."

ಮರಿಯಯ್ಯ ತೆಪ್ಪದಲ್ಲಿ ಬಿದ್ದು ಬಿದ್ದು ನಗುತ್ತಿದ್ದ. ಮಾದೇಶ ಬ್ರೇಕ್ ಡ್ರಮ್ಮು ಎಳೆದುಕೊಂಡ, ಕೀ ತಿರುಗಿಸಿದ. ಇಂಜಿನ್ನು ಎರಡು ಸಲ ಗೊರಗೊರ ಎಂದು ಹತ್ತಿಕೊಂಡಿತು. ನಾನು ತಳಕ್ಕೆ ಬಗ್ಗಿ ನೋಡಿದೆ. ರಾಡಿನ ಹತ್ತಿರ ನೀರು ತೊಟ್ಟು ತೊಟ್ಟಾಗಿ ಸರಿಯಾಗಿಯೇ ತೊಟ್ಟಿಕ್ಕುತ್ತಿತ್ತು. ತಲೆ ಎತ್ತಿದರೆ ಚಿಕ್ಕಸ್ವಾಮಿ ಇನ್ನೂ ಅಲ್ಲೇ, ಎದೆಮಟ್ಟದ ನೀರಿನಲ್ಲಿ, ತಮ್ಮ ಪಂಚೆಯನ್ನು ತಾವೇ ಹಿಡಿದು ನಿಂತಿದ್ದರು. ಮೇಲೆ ಜೋಯಿಸರು, ಡ್ರೈವರು, ಬಾಯಿ ಬಿಟ್ಟು ನೋಡುವ ಊರು.

ಬೇಗ ದಾಟಿಬಿಡೋಣ ಎಂದು ಮಾದೇಶ ಇಂಜಿನ್ನಿನ ವೇಗ ಹೆಚ್ಚಿಸಿದ. ಅತ್ತೆ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ತಳ್ಳಿ, ಬಾಳೆಹಣ್ಣಿನ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಮಗನ ಕಡೆ ತಿರುಗಿದರು.

"ನಿಧಾನ್ಕೆ ಓಡ್ಸ್ಲಾ ಮಾದೇಶ," ಎಂದರು. "ಎಲ್ರೂ ನೋಡ್ಲಿ."